ಕೈ ಮರೆಯುತ್ತದಾ ಅಂತ ಕೇಳಿದ್ದೀಯ

ಗಂಗಾವತಿ

ಚಿ. ಬಸವರಾಜನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಪತ್ರ ಮುಟ್ಟಿತು. ನಿಮ್ಮವ್ವನ ವಿಷಯ, ಮನೆ ವಿಷಯ ನಿನಗೆ ಗೊತ್ತೇ ಇದೆ, ಬರೆಯುವುದಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಮಾವಾ, ಊರಿಗೆ ಬಂದರೆ ಕಲಿತ ಮಷೀನ್ ಕೆಲಸ ಕೈ ಬಿಟ್ಟುಹೋಗುತ್ತದಾ?" ಅಂತ. ಅದನ್ನು ಓದಿ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗೇನೂ ಆಗಲ್ಲ, ಬಾ ಅಂತ ಬರೆದು ಮುಗಿಸಬಹುದಿತ್ತು. ಆದರೆ ನನಗೆ ಹಾಗೆ ಆಗಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹೈದರಾಬಾದಿನ ಬಾಲಾನಗರದಲ್ಲಿ ನಾನಿದ್ದದ್ದು ಎರಡೇ ವರ್ಷ. ನಮ್ಮ ಶೆಡ್ಡಿನ ಪಕ್ಕ ಇನ್ನೊಂದು ಶೆಡ್ಡು, ಹಿಂದೆ ಗ್ರೈಂಡಿಂಗ್, ರಸ್ತೆ ದಾಟಿದರೆ ಹೀಟ್ ಟ್ರೀಟ್‌ಮೆಂಟ್. ಏನಾದರೂ ತಿಳಿಯದಿದ್ದರೆ ಚಹಾ ಅಂಗಡಿಯಲ್ಲಿ ಕೇಳಿದರೆ ಆಯಿತು. ಮಾಲೀಕ ಬೈದರೆ ಮರುದಿನ ಎದುರಿನ ಶೆಡ್ಡಿಗೆ. ಬೆಂಗಳೂರಿನ ನಿಮ್ಮ ಪೀಣ್ಯವೂ ಹಾಗೇ ಅಲ್ವಾ?

ಇಲ್ಲಿಗೆ ಬಂದು ಲೇತ್ ಹಾಕಿದೆ. ಬಂದದ್ದೆಲ್ಲ ರೈಸ್‌ಮಿಲ್ಲಿನ ಶಾಫ್ಟು, ಪುಲ್ಲಿ, ಬುಷ್. ಮರುದಿನವೂ ಶಾಫ್ಟು, ಪುಲ್ಲಿ, ಬುಷ್. ಆಸೆಪಟ್ಟು ಒಂದು ಹಳೇ ಮಿಲ್ಲಿಂಗ್ ಮಷೀನ್ ತಂದಿದ್ದೆ. ಅದರ ಮೇಲೆ ತೌಡಿನ ಧೂಳು ಕೂತಿತ್ತು. ಎಂಟು ವರ್ಷದ ಮೇಲೆ ಒಬ್ಬ ಸಾವ್ಕಾರರು 36 ಹಲ್ಲಿನ ಗೇರ್ ಮಾಡಿಕೊಡು ಅಂತ ಬಂದರು. ಹಲ್ಲುಗಳನ್ನು ಸಮನಾಗಿ ಹಂಚುವ ಡಿವೈಡಿಂಗ್ ಹೆಡ್ಡಿನ ಹಿಡಿಕೆ ಹಿಡಿದೆ, ಎಷ್ಟು ತಿರುಗಿಸಬೇಕು ಅನ್ನುವ ಲೆಕ್ಕ ಬರಲಿಲ್ಲ. ನೀನು ಕಂಪ್ಯೂಟರ್ ಮಷೀನಿನವನು, ನಗಬೇಡ. ಕೇಳೋಣ ಅಂದರೆ ಊರಲ್ಲಿ ಗೊತ್ತಿದ್ದವರು ಒಬ್ಬರೂ ಇಲ್ಲ. ಮಷೀನ್ ಕೆಟ್ಟಿದೆ ಅಂತ ಸುಳ್ಳು ಹೇಳಿ ಅವರನ್ನು ಹುಬ್ಬಳ್ಳಿಗೆ ಕಳಿಸಿದೆ. ರಾತ್ರಿ ಮಲಗಿದಾಗ ನೆನಪಾಯಿತು. ಹಿಡಿಕೆ 40 ಸುತ್ತು ತಿರುಗಿದರೆ ಗೇರ್ ಒಂದು ಸುತ್ತು, ಅದಕ್ಕೇ 40ನ್ನು 36ರಿಂದ ಭಾಗಿಸಬೇಕು. ಒಂದು ಪೂರ್ತಿ ಸುತ್ತು, ಮೇಲೆ 18 ತೂತಿನ ಸಾಲಿನಲ್ಲಿ 2 ತೂತು.

ಊರು ಚಿಕ್ಕದು ಅಂತ ಹೀಗಾಯಿತಾ? 2011ರ ಜನಗಣತಿಯಲ್ಲೇ ನಮ್ಮೂರು 1 ಲಕ್ಷ ದಾಟಿತ್ತು. ಸೈಟಿನ ರೇಟು, ಟ್ರಾಫಿಕ್ಕು, ಧೂಳು ಎಲ್ಲ ದೊಡ್ಡ ಊರಿನವೇ. ಅಕ್ಕಿ ವ್ಯಾಪಾರದಲ್ಲಿ ಏನೂ ಕಡಿಮೆಯಿಲ್ಲ. ದಲಾಲರು, ಹಮಾಲರು, ಚೀಲ, ಲಾರಿ, ನಡುರಾತ್ರಿ ಕರೆದರೂ ಬರುವ ಫಿಟ್ಟರ್. ಅಕ್ಕಿ ಬಿಟ್ಟು ಎರಡನೇ ಕಸುಬು ಮಾತ್ರ ಬೇರು ಬಿಡಲಿಲ್ಲ. ವರ್ಷಕ್ಕೊಂದು ಗೇರ್ ಬಂದರೆ ಗೇರ್ ಮಾಡುವವನು ಹೊಟ್ಟೆಗೆ ಏನು ತಿನ್ನಬೇಕು? ಅವನು ಊರು ಬಿಡುತ್ತಾನೆ. ಅವನಿಲ್ಲ ಅಂತ ಮುಂದಿನ ಗೇರೂ ಹುಬ್ಬಳ್ಳಿಗೇ ಹೋಗುತ್ತದೆ.

2019ರಲ್ಲಿ ರೈಲು ಬಂದಾಗ ಇನ್ನೇನು ಊರು ಬದಲಾಯಿತು ಅಂದುಕೊಂಡೆ. ನೋಡಲು ಸ್ಟೇಷನ್‌ಗೂ ಹೋಗಿದ್ದೆ. ರೈಲು ಎರಡೂ ಕಡೆ ಓಡುತ್ತದೆ, ನಮ್ಮ ಹುಡುಗರು ಹೋಗುವ ಕಡೆಯದನ್ನೇ ಹತ್ತಿದರು. ನಿನಗೆ ಹೇಳುತ್ತಿಲ್ಲ, ಸುಮ್ನೆ ನೆನಪಾಯಿತು.

ಮತ್ತೆ ನಿನ್ನ ಮಾತಿಗೇ ಬರುತ್ತೇನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ. ನೀರು ಹೋದರೆ ಭತ್ತ ಇಲ್ಲ, ಭತ್ತ ಇಲ್ಲದಿದ್ದರೆ ಮಿಲ್ಲಿಲ್ಲ, ನನ್ನ ಲೇತೂ ಇಲ್ಲ. ಆಗ ನಿವೃತ್ತರಾಗಿದ್ದ ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಕಬ್ಬಿಣದ ಅಡ್ಡ ಹಲಗೆ, ಇಳಿಸಿದರು. ಆ ವಯಸ್ಸಿನಲ್ಲೂ ಅವರ ಕೈ ಮರೆತಿರಲಿಲ್ಲ. ಗೇಟಿನ ಕೆಲಸದಲ್ಲೇ ಪಳಗಿದವರು. ಟಿವಿ ಮುಂದೆ ಕೂತು ನನಗೆ ನಾಚಿಕೆಯಾಯಿತು. ಆ ಸ್ಟಾಪ್‌ಲಾಗಿನ ಕಬ್ಬಿಣದ ತುಂಡುಗಳನ್ನು ಮಾಡಿದ್ದು ಇಲ್ಲೇ, ತೋರಣಗಲ್ಲು, ಹೊಸಪೇಟೆ ಕಡೆ.

ಅದಕ್ಕೇ ಅನ್ನಿಸಿತು, ಬರುವುದಾದರೆ ಮೊದಲು ಹೊಸಪೇಟೆಯಲ್ಲಿ ವಿಚಾರಿಸು. ಅಲ್ಲಿ ಒಂದು ಕೆಲಸ ಹೋದರೆ ಇನ್ನೊಂದು ಬಾಗಿಲು ತಟ್ಟಬಹುದು. ಅವ್ವನನ್ನು ನೋಡಲು ವಾರಕ್ಕೊಮ್ಮೆ ಬರಬಹುದು. ನಾನು ಹೇಳಿದೆ ಅಂತ ಮಾಡಬೇಡ, ನನಗೆ ಈಗಿನ ಮಷೀನುಗಳ ಗಂಧ ಗೊತ್ತಿಲ್ಲ. ಸಾಲ ಮಾಡಿ ಮಷೀನ್ ಮಾತ್ರ ತರಬೇಡ. ಪೀಣ್ಯದ ಗೆಳೆಯರ ನಂಬರ್ ಇಟ್ಟುಕೊ. ನಾನು ಬಾಲಾನಗರದವರಿಗೆ ಒಂದು ಕಾಗದವನ್ನೂ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅಂತ ಈಗ ಕೇಳಿದರೆ ಉತ್ತರ ಇಲ್ಲ.

ದೀಪಾವಳಿಗೆ ಬರುವಾಗ ಒಂದು ಮೈಕ್ರೋಮೀಟರ್ ತಗೊಂಡು ಬಾ. ನಮ್ಮದು ಕೆಳಗೆ ಬಿದ್ದು ರೀಡಿಂಗ್ ತಪ್ಪು ತೋರಿಸುತ್ತಿದೆ. ಇಲ್ಲಿ ಸರಿಮಾಡುವವರಿಲ್ಲ.

ಇತಿ,
ನಿನ್ನ ಮಾವ