ಪಿಗ್ಮಿಯಿಂದ ಪಿಂಚಣಿ ಕಂತು: ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ

ಮಾನ್ಯ ಸದಸ್ಯರೇ,

ಪಿಗ್ಮಿಯಲ್ಲಿ (ಏಜೆಂಟರ ಕೈಗೆ ದಿನವೂ ಕಟ್ಟುವ ಉಳಿತಾಯ ಠೇವಣಿಯಲ್ಲಿ) ಹಣವಿದ್ದೂ ಅಟಲ್ ಪಿಂಚಣಿ ಯೋಜನೆಯ ಕಂತು ತಪ್ಪಿಸಿಕೊಳ್ಳುವವರು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಕಂತು ಕಡಿತವಾಗುವುದು ಬ್ಯಾಂಕಿನ ಉಳಿತಾಯ ಖಾತೆಯಿಂದ. ಆ ದಿನ ಅಲ್ಲಿ ಹಣವಿರುವುದಿಲ್ಲ. ಆದ್ದರಿಂದ ಏಪ್ರಿಲ್ 1ರಿಂದ, ಒಪ್ಪಿಗೆ ಪತ್ರ ಕೊಟ್ಟವರ ಕಂತಿನ ಮೊತ್ತವನ್ನು ಕಡಿತದ ದಿನಕ್ಕೆ ಮೂರು ದಿನ ಮೊದಲೇ ಪಿಗ್ಮಿಯಿಂದ ತೆಗೆದು ಅವರ ಬ್ಯಾಂಕ್ ಖಾತೆಗೆ ನೆಫ್ಟ್ ಮೂಲಕ ವರ್ಗಾಯಿಸುತ್ತೇವೆ. ಇದನ್ನು ಅವಧಿಗೆ ಮುನ್ನ ಹಣ ತೆಗೆದಂತೆ ಎಣಿಸುವುದಿಲ್ಲ, ದಂಡ ಹಾಕುವುದಿಲ್ಲ. ಪಿಗ್ಮಿಯ ಮೇಲೆ ಸಾಲ ಪಡೆದವರಿಗೆ ಮಾತ್ರ ಸಾಲ ತೀರುವವರೆಗೆ ಈ ಸೌಲಭ್ಯವಿಲ್ಲ.

ದಿನಕ್ಕೆ ಎಷ್ಟು ಕಟ್ಟಬೇಕು ಎಂಬಲ್ಲೇ ಲೆಕ್ಕ ತಪ್ಪುವುದು. 30ನೇ ವಯಸ್ಸಿನಲ್ಲಿ ಸೇರಿ, 60 ತುಂಬಿದ ಮೇಲೆ ತಿಂಗಳಿಗೆ 5000 ರೂ. ಪಿಂಚಣಿ ಬೇಕೆಂದರೆ ಮಾಸಿಕ ಕಂತು 577 ರೂ. ದಿನಕ್ಕೆ 20 ರೂ. ಸಾಕು ಅನ್ನಿಸುತ್ತದೆ. ಆದರೆ ಭಾನುವಾರ ಏಜೆಂಟರು ಬರುವುದಿಲ್ಲ; 26 ದಿನಕ್ಕೆ ಆಗುವುದು 520 ರೂ. ಮಾತ್ರ, 57 ರೂ. ಕಡಿಮೆ. ದಿನಕ್ಕೆ 25 ರೂ. ಕಟ್ಟಿದರೆ ಹಬ್ಬಕ್ಕೆಂದು ಇನ್ನೆರಡು ದಿನ ತಪ್ಪಿದರೂ 600 ರೂ. ಆಗುತ್ತದೆ. ಅದೇ ಪಿಂಚಣಿಗೆ 18ರಲ್ಲಿ ಸೇರಿದವರ ಕಂತು 210 ರೂ., ಅವರಿಗೆ ದಿನಕ್ಕೆ 10 ರೂ. ಸಾಕು. 35ರಲ್ಲಿ ಸೇರಿದರೆ 902, 39ರಲ್ಲಿ 1318 ರೂ. ಮನೆಯಲ್ಲಿ ಕೆಲಸಕ್ಕೆ ಸೇರಿದ ಮಕ್ಕಳಿದ್ದರೆ ಮೊದಲು ಅವರ ಹೆಸರಿನಲ್ಲಿ ಮಾಡಿಸಿ.

ಕಂತು ತಪ್ಪಿದರೆ ದಂಡ ದೊಡ್ಡದಲ್ಲ: ಪ್ರತಿ 100 ರೂಪಾಯಿಗೆ ಅಥವಾ ಅದರ ಭಾಗಕ್ಕೆ ತಿಂಗಳಿಗೆ 1 ರೂ., ಅಂದರೆ 577ಕ್ಕೆ 6 ರೂ. ತೊಂದರೆ ಬೇರೆ ಕಡೆ ಇದೆ. ಬಾಕಿ ಕಂತುಗಳು ಸೇರುತ್ತಾ ಹೋಗಿ, ಖಾತೆಗೆ ಹಣ ಬಿದ್ದ ಕೂಡಲೇ ಒಟ್ಟಿಗೆ ಕಡಿತವಾಗುತ್ತವೆ. ಗೃಹಲಕ್ಷ್ಮಿಯ 2000 ರೂ. ಬರುವ ಖಾತೆಗೇ ಪಿಂಚಣಿಯನ್ನೂ ಜೋಡಿಸಿದ್ದರೆ ಆ ತಿಂಗಳ ರೇಷನ್ ದುಡ್ಡು ಅಲ್ಲೇ ಹೋಯಿತು. ಮೇ ಕೊನೆಯಲ್ಲಿ ಜೀವನ ಜ್ಯೋತಿ ವಿಮೆಯ 436, ಸುರಕ್ಷಾ ವಿಮೆಯ 20 ರೂ. ಕೂಡ ಅದೇ ಖಾತೆಯಿಂದ ಹೋಗುವುದರಿಂದ, ಎರಡೂ ವಿಮೆ ಇರುವವರು ಆ ತಿಂಗಳು 456 ರೂ. ಹೆಚ್ಚಿಗೆ ಇಟ್ಟಿರಬೇಕು. ಇಷ್ಟನ್ನೂ ಪಿಗ್ಮಿಯಿಂದಲೇ ಕಳಿಸಬೇಕೆಂದರೆ ಒಪ್ಪಿಗೆ ಪತ್ರದಲ್ಲಿ ಬರೆಯಿರಿ.

ಪಿಂಚಣಿಗೆಂದು ಇಷ್ಟು ವರ್ಷ ಕಟ್ಟುವ ಹಣವನ್ನು ಸಂಘದಲ್ಲೇ ಇಡಬಾರದೇ ಎಂದು ಕೇಳುವವರಿದ್ದಾರೆ. ಬೇಡ ಎನ್ನುತ್ತೇವೆ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂ.ವರೆಗೆ ಇರುವ ವಿಮೆ ನಮ್ಮಂಥ ಪತ್ತಿನ ಸಂಘಗಳಿಗೆ ಇಲ್ಲ. ಪಿಗ್ಮಿ ಒಂದೆರಡು ವರ್ಷದ ಕೂಡಿಕೆಗೆ ಸರಿ, ಮುಪ್ಪಿನ ಹಣಕ್ಕಲ್ಲ.

ಅಟಲ್ ಪಿಂಚಣಿಯೊಂದೇ ಸಾಕಾಗುವುದೂ ಇಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 30 ವರ್ಷದ ನಂತರದ 5000 ರೂ. ಇಂದಿನ ಸುಮಾರು 870 ರೂಪಾಯಿಗೆ ಸಮ. ಪಿಗ್ಮಿಯಲ್ಲಿ ಮಿಕ್ಕ ಹಣವನ್ನು ವರ್ಷಕ್ಕೊಮ್ಮೆ ಅಂಚೆ ಕಚೇರಿಯ ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿಗೆ) ಹಾಕಿ. ವರ್ಷಕ್ಕೆ ಕನಿಷ್ಠ 500 ರೂ., ಅವಧಿ 15 ವರ್ಷ. 40 ದಾಟಿ ಅಟಲ್ ಯೋಜನೆಗೆ ಸೇರಲಾಗದವರಿಗೂ ಇದೇ ದಾರಿ. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್ 1ರಿಂದ ಅಟಲ್ ಯೋಜನೆಗೆ ಹೊಸದಾಗಿ ಸೇರಲು ಅವಕಾಶವಿಲ್ಲ.

ಅಟಲ್ ಪಿಂಚಣಿಯನ್ನು ನಡುವೆ ಕೈಬಿಟ್ಟರೆ ನೀವು ಕಟ್ಟಿದ್ದು ಮತ್ತು ಅದರ ಗಳಿಕೆ, ಖಾತೆಯ ಖರ್ಚು ಕಳೆದು, ವಾಪಸ್ ಬರುತ್ತದೆ, ಪಿಂಚಣಿ ಬರುವುದಿಲ್ಲ. ಕಂತು ಭಾರವಾದರೆ ಬಿಡುವ ಬದಲು ಪಿಂಚಣಿ ಮೊತ್ತ ಇಳಿಸಿಕೊಳ್ಳಿ. ಆರ್ಥಿಕ ವರ್ಷದಲ್ಲಿ ಒಮ್ಮೆ ಬ್ಯಾಂಕಿನಲ್ಲಿ ಇದನ್ನು ಮಾಡಿಸಬಹುದು.

ಒಪ್ಪಿಗೆ ಪತ್ರ ಕೊಡಲು ಮಾರ್ಚ್ 20ರೊಳಗೆ ಕಚೇರಿಗೆ ಬನ್ನಿ. ಪಿಗ್ಮಿ ಪುಸ್ತಕ, 12 ಅಂಕಿಯ ಪ್ರಾನ್ ಸಂಖ್ಯೆ (ನಿಮ್ಮ ಪಿಂಚಣಿ ಖಾತೆಯ ಸಂಖ್ಯೆ), ಕಳೆದ ಮೂರು ತಿಂಗಳು ಎಂಟ್ರಿ ಹಾಕಿಸಿದ ಬ್ಯಾಂಕ್ ಪಾಸ್‌ಬುಕ್ ತನ್ನಿ. ಕಡಿತದ ದಿನಾಂಕ ಅದರಲ್ಲೇ ಸಿಗುತ್ತದೆ. ಪಿಂಚಣಿ ಕಂತೆಂದು ಏಜೆಂಟರ ಕೈಗೆ ಬೇರೆ ನಗದು ಕೊಡಬೇಡಿ, ಅದಕ್ಕೆ ರಸೀದಿ ಇರುವುದಿಲ್ಲ.

ಇಂತಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ