ಬಾರದೇ ಉಳಿದ ತಾಯಂದಿರನ್ನೂ ಕೇಳಿ

ಬಡ ತಾಯಿ-ಮಕ್ಕಳ ಆರೋಗ್ಯ ಯೋಜನೆಗಳ ಅಧ್ಯಯನಗಳಲ್ಲಿ ಆ ತಾಯಂದಿರ ಮಾತೇ ಕಡಿಮೆ. ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾಯಿತು, ಎಷ್ಟು ಮಕ್ಕಳಿಗೆ ಲಸಿಕೆ ಬಿತ್ತು ಎಂಬ ಲೆಕ್ಕ ಬೇಕು, ನಿಜ. ಆದರೆ ಬಾರದವರು ಯಾಕೆ ಬರಲಿಲ್ಲ ಅನ್ನುವುದು ಅದರಲ್ಲಿ ಸಿಗುವುದಿಲ್ಲ.

ಗರ್ಭಿಣಿಗೆ ಕನಿಷ್ಠ 8 ಬಾರಿ ತಪಾಸಣೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಮೊದಲು 4 ಇತ್ತು. ಏರಿದ ರಕ್ತದೊತ್ತಡ ಬೇಗ ಗೊತ್ತಾಗಲು ಇದು ಬೇಕೇ ಬೇಕು. ಆದರೆ ದಿನಗೂಲಿಯವಳಿಗೆ 8 ತಪಾಸಣೆ ಅಂದರೆ 8 ದಿನದ ಕೂಲಿ ಹೋದಂತೆ, ಅಲ್ವಾ? ಬೆಳಿಗ್ಗೆಯಿಂದ ಸಾಲಿನಲ್ಲಿ ಕೂತು, ಮೊದಲ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಧ್ಯಾಹ್ನ ‘ಡಾಕ್ಟರ್ ಇವತ್ತು ಬರಲ್ಲ, ನಾಳೆ ಬಾ’ ಅನ್ನಿಸಿಕೊಂಡು ಚೀಟಿ ಮಡಚಿ ಎದ್ದುಹೋದ ಹೆಣ್ಣುಮಗಳನ್ನು ಕಂಡಿದ್ದೇನೆ. ಅಂಥವಳು ಮತ್ತೆ ಬರದಿದ್ದರೆ ‘ತಿಳಿವಳಿಕೆ ಇಲ್ಲ’ ಎಂದು ಸುಮ್ನೆ ಬರೆದುಬಿಡುವುದು ಅನ್ಯಾಯ.

ಅಧ್ಯಯನ ಮಾಡುವವರು ತಪಾಸಣೆ ಬಿಟ್ಟವರ ಮನೆಗೇ ಹೋಗಿ ಕೇಳಲಿ. ಸಂಜೆ ತಪಾಸಣೆ ಇಟ್ಟರೆ, ಹೋದ ಕೂಲಿ ತುಂಬಿಕೊಟ್ಟರೆ ಜಾಸ್ತಿ ಜನ ಬರುತ್ತಾರಾ ಎಂದು ಒಂದೆರಡು ಕಡೆ ಮೊದಲು ಮಾಡಿ ನೋಡಲಿ, ಆಮೇಲೆ ಯೋಜನೆ ಬರೆಯಲಿ.