ಅಜ್ಜನ ಕ್ಯಾಮೆರಾ ಮತ್ತೆ ಕಣ್ಣು ಬಿಟ್ಟಿತು

ಹೋದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ದೊಡ್ಡಮ್ಮನ ಫೋಟೊ ತೆಗೆದೆ. ಅಜ್ಜನ ಮರದ ಕ್ಯಾಮೆರಾದಲ್ಲಿ. ಅದು ಕೊನೆಯ ಸಲ ಕೆಲಸ ಮಾಡಿದ್ದು ನಾನು ಹುಟ್ಟುವುದಕ್ಕೂ ಮೊದಲು. ಸರಿ ಮಾಡಲು ಒಂದು ವರ್ಷದ ಮೇಲೆ ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಜೊತೆಗಿದ್ದವರಿಗೆ ಫೋನಿನಲ್ಲಿ ಥ್ಯಾಂಕ್ಸ್ ಅಂದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಇಬ್ಬರು ಬೇಡವೇ ಬೇಡ ಅಂದರು, ಉಳಿದವರದ್ದು ಮಾತ್ರ ಹಾಕಿದರೆ ಚೆನ್ನಾಗಿರಲ್ಲ. ಓದಿದಾಗ ಅವರವರಿಗೆ ಗೊತ್ತಾಗುತ್ತದೆ.

ಅಜ್ಜ ಸಾಗರದಲ್ಲಿ ಸ್ಟುಡಿಯೊ ಇಟ್ಟಿದ್ದರು. ಈ ಕ್ಯಾಮೆರಾವನ್ನು ಅವರೂ ಹೊಸದಾಗಿ ಕೊಂಡಿದ್ದಲ್ಲ, ಯಾರಿಂದಲೋ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಂಗ್ಲೆಂಡಿನ ಆಲ್ಟ್ರಿಂಕಮ್ ಊರಿನ ಥಾರ್ನ್‌ಟನ್-ಪಿಕಾರ್ಡ್ ಕಂಪನಿಯದು, ಹಾಫ್ ಪ್ಲೇಟ್. ಇದಕ್ಕೆ ರೀಲ್ ಇಲ್ಲ. 4¾ × 6½ ಇಂಚಿನ ಗಾಜಿನ ಪ್ಲೇಟುಗಳನ್ನು ಒಂದೊಂದಾಗಿ ಹಾಕಬೇಕು, ಒಂದು ಪ್ಲೇಟಿಗೆ ಒಂದೇ ಫೋಟೊ. ಮರದ ಚೌಕಟ್ಟು, ಹಿತ್ತಾಳೆಯ ತಿರುಪು, ಮುಂದೆ ಲೆನ್ಸು, ಹಿಂದೆ ಉಜ್ಜಿದ ಗಾಜು, ನಡುವೆ ಮಡಿಕೆ ಮಡಿಕೆಯಾಗಿ ಚರ್ಮದ ಬೆಲ್ಲೋಸ್. ಕರಿ ಬಟ್ಟೆ ಹೊದ್ದು ನೋಡಿದರೆ ಎದುರಿಗಿರುವವರು ಆ ಗಾಜಿನ ಮೇಲೆ ತಲೆಕೆಳಗಾಗಿ ಕಾಣುತ್ತಾರೆ.

ಮೊದಲ ಕೃತಜ್ಞತೆ ದೊಡ್ಡಮ್ಮನಿಗೆ. ಅಜ್ಜ ಹೋದ ಮೇಲೆ ಕ್ಯಾಮೆರಾ ಅಟ್ಟ ಸೇರಿತ್ತು. ಕೆಲವು ವರ್ಷದ ಹಿಂದೆ ಯಾರೋ ಬಂದು ಷೋಕೇಸಿಗೆ ಇಡಲು ಕೇಳಿದರು, ಒಳ್ಳೆ ದುಡ್ಡೂ ಹೇಳಿದರು. ಮನೆಯಲ್ಲಿ ಎಲ್ಲರೂ ಕೊಟ್ಟುಬಿಡೋಣ ಅಂದಾಗ ದೊಡ್ಡಮ್ಮ ಒಬ್ಬರೇ ಅಡ್ಡ ನಿಂತರು. “ಅದು ಕೆಲಸ ಮಾಡೋ ಸಾಮಾನು, ನೋಡೋ ಸಾಮಾನಲ್ಲ” ಅಂದರು. ಆ ಒಂದು ಮಾತಿಲ್ಲದಿದ್ದರೆ ಇವತ್ತು ನಾನು ಬರೆಯಲು ಏನೂ ಇರುತ್ತಿರಲಿಲ್ಲ.

ಆದರೆ ಮಲೆನಾಡಿನ ಮಳೆ ಗೊತ್ತಲ್ವಾ. ನಾನು ಕೆಳಗಿಳಿಸಿದಾಗ ಚರ್ಮಕ್ಕೆ ಬೂಷ್ಟು ಹಿಡಿದಿತ್ತು, ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿತ್ತು, ಅಡಿಹಲಗೆಯ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಉಜ್ಜಿದ ಗಾಜು ಒಡೆದಿತ್ತು. ಬೆಳಕನ್ನು ಒಳಗೆ ಬಿಟ್ಟು ತಡೆಯುವ ಶಟರಿನ ಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿತ್ತು. ದೊಡ್ಡ ಊರಿನ ಒಂದು ಅಂಗಡಿಗೆ ತಗೊಂಡು ಹೋದೆ. ಪಾಲಿಷ್ ಮಾಡಿಸಿ ಟೀವಿ ಪಕ್ಕ ಇಡಿ, ಚೆನ್ನಾಗಿ ಕಾಣುತ್ತೆ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಅತ್ತಿದ್ದೆ.

ಆಗ ದಾರಿ ತೋರಿಸಿದ್ದು ನನ್ನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಈಗ ರಿಟೈರ್ ಆಗಿದ್ದಾರೆ. “ಕ್ಯಾಮೆರಾ ರಿಪೇರಿಯವರನ್ನ ಯಾಕೆ ಹುಡುಕ್ತೀಯಮ್ಮ? ಇದರಲ್ಲಿ ಇರೋದು ಮರ, ಚರ್ಮ, ಗಾಜು, ಹಿತ್ತಾಳೆ. ಒಂದೊಂದಕ್ಕೂ ಕೆಲಸದವರು ನಮ್ಮಲ್ಲೇ ಇದ್ದಾರಲ್ಲ” ಅಂದರು. ಮೇಷ್ಟ್ರೇ, ನೀವು ಹೇಳಿದ ಹಾಗೇ ಆಯಿತು.

ಮರದ ಕೆಲಸಕ್ಕೆ ಸಾಗರದಲ್ಲಿ ಹುಡುಕಾಡಬೇಕಾಗಿರಲಿಲ್ಲ. ಗಂಧದ ಕೆತ್ತನೆ ಮಾಡುವ ಗುಡಿಗಾರರ ಊರು ಇದು. ಗೆದ್ದಲು ತಿಂದ ಮೂಲೆಯನ್ನು ಅವರು ಕತ್ತರಿಸಿ ಬಿಸಾಡಲಿಲ್ಲ. ಕೊಳೆತಷ್ಟನ್ನೇ ಉಳಿಯಲ್ಲಿ ಕೆರೆದು ತೆಗೆದು, ಅದೇ ಬಣ್ಣದ ಹಳೇ ಮರದ ತುಂಡನ್ನು ಎಳೆಗೆ ಎಳೆ ಹೊಂದಿಸಿ ಕೂರಿಸಿದರು. ಬೆರಳಾಡಿಸಿದರೂ ಸೇರಿದ ಜಾಗ ಸಿಗುವುದಿಲ್ಲ. ಗಡಿಯಾರ ರಿಪೇರಿಯ ಅಣ್ಣ ಜಾಮ್ ಆಗಿದ್ದ ಲೆನ್ಸಿನ ಹಿತ್ತಾಳೆ ಉಂಗುರವನ್ನು ಒಂದು ಗೀರೂ ಬೀಳದ ಹಾಗೆ ಬಿಚ್ಚಿ, ಫಂಗಸ್ ಒರೆಸಿ, ಮತ್ತೆ ಜೋಡಿಸಿ ಕೊಟ್ಟರು. ಗ್ಯಾರೇಜಿನ ಹುಡುಗರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಕೊಟ್ಟರು. ಎರಡು ಗಾಜಿನ ನಡುವೆ ಆ ಪೇಸ್ಟನ್ನೂ ಸ್ವಲ್ಪ ನೀರನ್ನೂ ಹಾಕಿ ಸುತ್ತು ಸುತ್ತಾಗಿ ಉಜ್ಜುತ್ತಾ ಕೂತರೆ ಗಾಜು ಹಾಲಿನ ಹಾಗೆ ಮಂಜಾಗುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದೆ. ದುಡ್ಡು ಕೊಡಲು ಹೋದರೆ ಹುಡುಗರು, “ಅಕ್ಕಾ, ಫೋಟೊ ತೆಗೀರಿ ಸಾಕು” ಅಂದರು.

ಇನ್ನು ಬೆಲ್ಲೋಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಕ್ಯಾಮೆರಾದ ಒಳಗೆ ಸಣ್ಣ ಬಲ್ಬ್ ಇಟ್ಟು, ರಾತ್ರಿ ಕೋಣೆಯ ದೀಪ ಆರಿಸಿ ನೋಡಿದೆವು. ದೊಡ್ಡಮ್ಮ ಬೆರಳಿಟ್ಟು ಎಣಿಸಿದರು: 37 ತೂತು. ಎಲ್ಲವೂ ಮಡಿಕೆಯ ಮೂಲೆಗಳಲ್ಲೇ. ಅದರಲ್ಲಿ ಒಂದು ಉಳಿದರೂ ಬೆಳಕು ಒಳಗೆ ನುಗ್ಗಿ ಫೋಟೊ ಮಸುಕಾಗುತ್ತದೆ. ನಾನು ಕಪ್ಪು ಟೇಪ್ ಹಚ್ಚಿದೆ. ಎರಡು ಸಲ ಮಡಚಿ ಬಿಡಿಸುವುದರಲ್ಲಿ ಟೇಪ್ ಎದ್ದು ಬಂತು, ಜೊತೆಗೆ ಚರ್ಮವೂ ಬಂತು.

ಶಿವಮೊಗ್ಗದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಅಜ್ಜ ಇದ್ದಾರೆ ಅಂತ ತಿಳಿದದ್ದು ಮೇಷ್ಟ್ರಿಂದಲೇ. ಅವರು ಜನ್ಮದಲ್ಲಿ ಇಂಥ ಕ್ಯಾಮೆರಾ ಮುಟ್ಟಿರಲಿಲ್ಲ. ಕೈಗೆ ತಗೊಂಡು, ಮೆಲ್ಲಗೆ ಎಳೆದು, ಮುಚ್ಚಿ, “ಇದು ತಿದಿ ಅಲ್ವೇನಮ್ಮ! ಗಾಳಿ ಹೋಗದ ಹಾಗೆ ಮಾಡ್ತೀನಿ, ಆಮೇಲೆ ಬೆಳಕು ಹೇಗೆ ಹೋಗುತ್ತೆ?” ಅಂದರು. ಹಳೆಯ ತಿದಿಯನ್ನು ಬಿಚ್ಚಿ ಹಾಸಿ, ಒಂದೊಂದು ಮಡಿಕೆಯ ಅಳತೆಯನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡರು. ಒಳಗೆ ಕರಿ ಬಟ್ಟೆ, ನಡುವೆ ತೆಳು ರಟ್ಟಿನ ಪಟ್ಟಿಗಳು, ಮೇಲೆ ತೆಳು ಚರ್ಮ. ಲೆನ್ಸಿನ ಕಡೆ ಸಣ್ಣದು, ಗಾಜಿನ ಕಡೆ ದೊಡ್ಡದು, ಹಾಗಾಗಿ ಯಾವ ಎರಡು ಮಡಿಕೆಯೂ ಒಂದೇ ಅಳತೆಯವಲ್ಲ. ಮೂರನೇ ಸಲಕ್ಕೆ ಅವರಿಗೆ ಸಮಾಧಾನವಾಯಿತು. ಮೊದಲಿನ ಎರಡೂ ನನ್ನ ಕಣ್ಣಿಗೆ ಚೆನ್ನಾಗೇ ಇದ್ದವು, ಆದರೆ ಮಡಚಿದಾಗ ಕಾಗದದ ದಪ್ಪದಷ್ಟು ಉಬ್ಬುತ್ತಿವೆ ಅಂತ ಅವರೇ ಕಿತ್ತುಹಾಕಿದರು. ಆ ರಾತ್ರಿ ಮತ್ತೆ ಬಲ್ಬ್ ಇಟ್ಟು ನೋಡಿದೆವು. ಕತ್ತಲೋ ಕತ್ತಲು. ದೊಡ್ಡಮ್ಮ ಹತ್ತು ನಿಮಿಷ ಹುಡುಕಿದರೂ ಒಂದು ಚುಕ್ಕೆ ಕಾಣಲಿಲ್ಲ.

ಗಾಜಿನ ಪ್ಲೇಟ್ ನನ್ನ ಕೈಗೆ ಎಟುಕುವ ಬೆಲೆಯದಲ್ಲ. ಫೋಟೊ ಪ್ರಿಂಟ್ ಹಾಕುವ ಪೇಪರನ್ನೇ ಪ್ಲೇಟಿನ ಜಾಗದಲ್ಲಿ ಇಟ್ಟು ನೆಗೆಟಿವ್ ಮಾಡಬಹುದು, ಕೆಂಪು ದೀಪದಲ್ಲೇ ಕೆಲಸ ಆಗುತ್ತದೆ. 5 × 7 ಇಂಚಿನ ಪೇಪರ್ ತರಿಸಿ ಅಳತೆಗೆ ಕತ್ತರಿಸಿಕೊಂಡೆ. ಪೇಪರ್ ಅಂದರೆ ಏನೋ ಕಡಿಮೆ ಅನ್ನಿಸುತ್ತಿತ್ತು. ಮೇಷ್ಟ್ರು ಗ್ರೀನ್ಲಾ ಕಥೆ ಹೇಳಿದರು: 1856ರಲ್ಲಿ ಹಂಪಿಯ ಫೋಟೊಗಳನ್ನು ತೆಗೆದ ಆ ಸೇನಾಧಿಕಾರಿ ಬಳಸಿದ್ದೂ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನೇ. ಆಮೇಲೆ ನನಗೆ ಆ ಯೋಚನೆ ಬರಲಿಲ್ಲ.

ಚಿತ್ರ ಮೂಡಿಸುವ ಮದ್ದು, ಅಂದರೆ ಡೆವಲಪರ್ ಮಾಡಲು ಅಜ್ಜನ ನೋಟ್‌ಬುಕ್ ಇತ್ತು. ಮೆಟಾಲ್, ಸಲ್ಫೈಟ್, ಹೈಡ್ರೋಕ್ವಿನೋನ್, ಕಾರ್ಬೊನೇಟ್, ಬ್ರೋಮೈಡ್ ಎಲ್ಲ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಮೇಷ್ಟ್ರು ಕೂತು ಎಲ್ಲವನ್ನೂ ಗ್ರಾಮಿಗೆ ತಂದು, ತೂಗಿ ಪೊಟ್ಟಣ ಕಟ್ಟಿಕೊಟ್ಟರು. ನಾನು ಮೊದಲು ಸಲ್ಫೈಟ್ ಹಾಕಲು ಹೋದೆ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, “ಪುಟ್ಟಿ, ಮೆಟಾಲ್ ಮೊದಲು. ಆಮೇಲೆ ಹಾಕಿದ್ರೆ ಕರಗಲ್ಲ” ಅಂದರು. ಪುಸ್ತಕ ನೋಡಿದರೆ ಅಜ್ಜ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ದೊಡ್ಡಮ್ಮ ಅಜ್ಜನಿಗೆ ಡಾರ್ಕ್‌ರೂಮಿನಲ್ಲಿ ನೆರವಾಗುತ್ತಿದ್ದರಂತೆ. ಈ ವಿಷಯ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಅವರ ಗುಂಡಿ, ದಾರದ ಡಬ್ಬಿ ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನವರ ‘ಇಂದು’ ಬ್ರ್ಯಾಂಡ್ ಫೋಟೊ ಪೇಪರಿನ ಖಾಲಿ ಪೆಟ್ಟಿಗೆ ಅನ್ನುವುದನ್ನೂ ಅವತ್ತೇ ಗಮನಿಸಿದ್ದು. ಕತ್ತಲೆಯಲ್ಲಿ ಪ್ಲೇಟಿನ ಮದ್ದು ಹಚ್ಚಿದ ಮುಖ ಯಾವುದು ಅಂತ ಹೇಗೆ ಗೊತ್ತಾಗುತ್ತಿತ್ತು ಅಂತ ಕೇಳಿದೆ. ಪೇಪರಿನ ಒಂದು ಮೂಲೆಯನ್ನು ತುಟಿಗೆ ಸುಮ್ನೆ ತಾಗಿಸಿ, “ಅಂಟಿದ್ರೆ ಆ ಮುಖ” ಅಂದರು.

ಮೊದಲ ನಾಲ್ಕು ಫೋಟೊ ಕೆಟ್ಟವು. ಗಾಜಿನ ಮೇಲೆ ಕೂದಲೆಳೆಯೂ ಸ್ಪಷ್ಟ, ನೆಗೆಟಿವ್‌ನಲ್ಲಿ ಎಲ್ಲ ಮಬ್ಬು. ತಿಂಗಳು ಹೋಯಿತು, ಕಾರಣ ಸಿಗಲಿಲ್ಲ. ಕೊನೆಗೆ ಮೇಷ್ಟ್ರು ಗಾಜನ್ನು ಉಗುರಿನಲ್ಲಿ ಗೀರಿ ನೋಡಿ, “ಉಜ್ಜಿದ ಮುಖ ಲೆನ್ಸಿನ ಕಡೆಗಿರಬೇಕು, ನೀನು ಹೊರಗಡೆಗೆ ಹಾಕಿದ್ದೀಯ” ಅಂದರು. ಗಾಜಿನ ದಪ್ಪದಿಂದಾಗಿ ಫೋಕಸ್ ತಪ್ಪುತ್ತಿತ್ತು. ತಿರುಗಿಸಿ ಹಾಕಿದೆ, ಅಷ್ಟೇ.

ಭಾನುವಾರ ಹತ್ತು ಗಂಟೆಯ ಬೆಳಕು. ಶಟರ್ ಇನ್ನೂ ಸರಿಯಾಗಿಲ್ಲ, ಹಾಗಾಗಿ ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಹಾಕುವುದು. ದೊಡ್ಡಮ್ಮ ಹೇಳಿಸಿಕೊಳ್ಳದೆಯೇ ಬೆನ್ನನ್ನು ಗೋಡೆಗೆ ಒರಗಿಸಿ, ಕೈಗಳನ್ನು ಮಡಿಲಲ್ಲಿಟ್ಟು, ನನ್ನ ಕಿವಿಯ ಪಕ್ಕದ ಒಂದು ಜಾಗ ನೋಡುತ್ತಾ ಕೂತರು. ಒಂದು, ಎರಡು, ಮೂರು. ಮುಚ್ಚಿದೆ.

ಟ್ರೇಯಲ್ಲಿ ಮೊದಲು ಮೂಡಿದ್ದು ಅವರ ಸೀರೆ. ಆಮೇಲೆ ಕೂದಲು, ಆಮೇಲೆ ಕೈ. ಈ ಪೇಪರಿಗೆ ಕೆಂಪು ಕಾಣುವುದಿಲ್ಲ, ನೀಲಿ ಜಾಸ್ತಿ ಕಾಣುತ್ತದೆ. ಹಾಗಾಗಿ ಪ್ರಿಂಟಿನಲ್ಲಿ ಕುಂಕುಮ ಕಪ್ಪಾಗಿದೆ, ಅವರ ತಿಳಿನೀಲಿ ಸೀರೆ ಬೆಳ್ಳಗೆ ಬಂದಿದೆ. ದೊಡ್ಡಮ್ಮ ಅದನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಮದುಮಕ್ಕಳಿಗೆ ತಿಳಿನೀಲಿ ಸೀರೆ ಬೇಡ ಅಂತ ಅಪ್ಪಯ್ಯ ಹೇಳಿ ಕಳಿಸ್ತಿದ್ದ” ಅಂದರು. ಮತ್ತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಆ ಫೋಟೊದ ಒಂದೊಂದು ಪ್ರಿಂಟ್ ನಿಮ್ಮೆಲ್ಲರ ಮನೆಗೆ ಬರುತ್ತದೆ. ಗುಡಿಗಾರರದ್ದಕ್ಕೆ ಅವರೇ ಚೌಕಟ್ಟು ಹಾಕುತ್ತಾರಂತೆ, ನಾನು ಹಾಕಿಸಬಾರದಂತೆ. ಗ್ಯಾರೇಜಿನ ಹುಡುಗರ ಗ್ರೂಪ್ ಫೋಟೊ ಈ ಶುಕ್ರವಾರ. ಹಾರ್ಮೋನಿಯಂ ಅಜ್ಜಾ, ಮಳೆ ಬಿಟ್ಟ ಮೇಲೆ ಕ್ಯಾಮೆರಾ ಹೊತ್ತುಕೊಂಡು ಶಿವಮೊಗ್ಗಕ್ಕೆ ಬರುತ್ತೇನೆ. ಹೊಸ ಅಂಗಿ ಬೇಡ, ಕೆಲಸದ ಅಂಗಿಯಲ್ಲೇ, ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿರಿ. ಮೂರು ಎಣಿಸುವವರೆಗೆ ಮಾತ್ರ ತಿದಿ ಒತ್ತುವುದನ್ನು ನಿಲ್ಲಿಸಬೇಕು.